ಲಂಡನ್ನಿನ ಪೌತಿ ಖಾತೆ: ಬ್ರಿಟಿಷ್ ಹಿಸ್ಟರಿ ಆನ್‌ಲೈನ್ ಎಷ್ಟು ಉಪಯೋಗಕ್ಕೆ ಬರುತ್ತದೆ?

ಪೌತಿ ಖಾತೆಗೆಂದು ನಾಡಕಚೇರಿ ಅಲೆದವರಿಗೆ ಮಧ್ಯಯುಗದ ಇಂಗ್ಲೆಂಡಿನ ಭೂದಾಖಲೆ ಹೊಸದೆನಿಸುವುದಿಲ್ಲ. ರಾಜನಿಂದ ನೇರವಾಗಿ ಜಮೀನು ಪಡೆದವನು ತೀರಿಕೊಂಡರೆ ಎಸ್ಚೀಟರ್ ಎಂಬ ಅಧಿಕಾರಿ ಊರವರನ್ನು ಕೂರಿಸಿ, ಪ್ರಮಾಣ ಮಾಡಿಸಿ, ಮಹಜರು ಬರೆಸುತ್ತಿದ್ದ. ಸತ್ತದ್ದು ಯಾವಾಗ, ಎಲ್ಲೆಲ್ಲಿ ಎಷ್ಟು ಜಮೀನು, ಅದಕ್ಕೆ ಸಲ್ಲಬೇಕಾದ ಸೇವೆ ಏನು, ವಾರಸುದಾರ ಯಾರು, ಅವನ ವಯಸ್ಸೆಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಇದರ ಹೆಸರು ಇನ್‌ಕ್ವಿಸಿಷನ್ ಪೋಸ್ಟ್ ಮಾರ್ಟಮ್. ಹೆಸರು ಕೇಳಿ ಬೆಚ್ಚಬೇಡಿ, ಕೊಯ್ಯುವ ಕೆಲಸ ಇಲ್ಲಿಲ್ಲ. 13ನೇ ಶತಮಾನದ ನಡುವಿನಿಂದ 17ನೇ ಶತಮಾನದವರೆಗೂ ಈ ಪದ್ಧತಿ ನಡೆಯಿತು. ಲ್ಯಾಟಿನ್ ಮೂಲಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅವುಗಳ ಇಂಗ್ಲಿಷ್ ಸಾರಾಂಶದ ಹಲವು ಸಂಪುಟಗಳನ್ನು ಬೆಂಗಳೂರಿನಲ್ಲಿ ಕೂತು ಓದಲು ಇರುವ ಹತ್ತಿರದ ದಾರಿ ಬ್ರಿಟಿಷ್ ಹಿಸ್ಟರಿ ಆನ್‌ಲೈನ್. ಲಂಡನ್ ವಿಶ್ವವಿದ್ಯಾಲಯದ ಇನ್‌ಸ್ಟಿಟ್ಯೂಟ್ ಆಫ್ ಹಿಸ್ಟಾರಿಕಲ್ ರಿಸರ್ಚ್ ನಡೆಸುವ ಈ ತಾಣ ಶುರುವಾದದ್ದು 2003ರಲ್ಲಿ. ಬಹುಪಾಲು ಪುಕ್ಕಟೆ.

ಹೊಸಬರು ಮಾಡುವ ಮೊದಲ ತಪ್ಪು, ಹುಡುಕು ಪೆಟ್ಟಿಗೆಯಲ್ಲಿ ಮನೆತನದ ಹೆಸರು ಹಾಕುವುದು. ಹೆಸರು ಒಂದೇ ರೂಪದಲ್ಲಿ ಎಲ್ಲೂ ಸಿಗುವುದಿಲ್ಲ. ಈಗ ಬೀಚಮ್ ಎಂದು ಉಚ್ಚರಿಸುವ ಮನೆತನ ಲ್ಯಾಟಿನ್ ದಾಖಲೆಯಲ್ಲಿ 'ಡೆ ಬೆಲ್ಲೊ ಕ್ಯಾಂಪೊ', ಮಾರ್ಟಿಮರ್ 'ಡೆ ಮಾರ್ಟುವೊ ಮಾರಿ'. ಸಾರಾಂಶಗಳಲ್ಲೂ ಕಾಗುಣಿತ ಸಂಪುಟಕ್ಕೊಂದು ಬಗೆ. ಹೆಸರು ಬಿಟ್ಟು ಜಮೀನು ಹಿಡಿಯಿರಿ. ನಮ್ಮಲ್ಲೂ ಸರ್ವೇ ನಂಬರ್ ಇಲ್ಲದೆ ಪಹಣಿ ಹುಡುಕುವವರು ಯಾರು?

ಇದಕ್ಕೆ ತಾಣದ ಅತ್ಯುತ್ತಮ ಭಾಗ ವಿಕ್ಟೋರಿಯಾ ಕೌಂಟಿ ಹಿಸ್ಟರಿ, ಅಂದರೆ ಇಂಗ್ಲೆಂಡಿನ ಕೌಂಟಿಗಳ (ಜಿಲ್ಲೆಗಳ) ಊರುವಾರು ಇತಿಹಾಸ ಹೇಳುವ ಗ್ರಂಥಮಾಲೆ. ಅದರಲ್ಲಿ ಊರಿನ ಪುಟ ತೆರೆದು 'ಮ್ಯಾನರ್' (ಒಬ್ಬ ಒಡೆಯನ ಜಹಗೀರು) ವಿಭಾಗಕ್ಕೆ ಹೋದರೆ 1086ರ ಜಮೀನು ಗಣತಿಯಾದ ಡೂಮ್ಸ್‌ಡೇ ಪುಸ್ತಕದಿಂದ ಹಿಡಿದು ಆ ಜಮೀನು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ಸರಪಳಿ ಸಿಗುತ್ತದೆ. ಓದಬೇಕಾದದ್ದು ಮೇಲಿನ ಕಥನಕ್ಕಿಂತ ಹೆಚ್ಚಾಗಿ ಅಡಿಟಿಪ್ಪಣಿ. ಅಲ್ಲಿ ಕೊಟ್ಟಿರುವ ಸಂಪುಟ, ಪುಟದ ಸಂಖ್ಯೆ ಹಿಡಿದು ಮಹಜರಿನ ಸಾರಾಂಶಕ್ಕೆ ಹೋಗಿ. ಆದರೆ ಈ ಮಾಲೆ ಎಲ್ಲ ಕೌಂಟಿಗಳಿಗೂ ಪೂರ್ಣವಾಗಿಲ್ಲ. ನಾರ್ಫೋಕ್, ಡೆವನ್ ಕಡೆಯ ಮನೆತನ ಹುಡುಕುವವರಿಗೆ ಊರುವಾರು ಪುಟಗಳೇ ಸಿಗುವುದಿಲ್ಲ. ನಾರ್ಫೋಕಿಗೆ ಬ್ಲೂಮ್‌ಫೀಲ್ಡ್ 18ನೇ ಶತಮಾನದಲ್ಲಿ ಬರೆದ ಇತಿಹಾಸ ಇದೇ ತಾಣದಲ್ಲಿದೆ, ಆದರೆ ಅದರ ಪ್ರತಿ ಸಂಬಂಧವನ್ನೂ ಮೂಲಕ್ಕೆ ಹೋಲಿಸಿಯೇ ನಂಬಬೇಕು.

ಮುಂದಿನ ತೊಡಕು ತಾರೀಖು. ದಾಖಲೆಯಲ್ಲಿ ಇಸವಿ ಇರುವುದಿಲ್ಲ, ರಾಜನ ಆಳ್ವಿಕೆಯ ವರ್ಷ ಇರುತ್ತದೆ. ಶಾಸನದಲ್ಲಿ 'ಆನಂದ ಸಂವತ್ಸರ' ಎಂದಿದ್ದರೆ ಲೆಕ್ಕ ಹಾಕಿಕೊಳ್ಳುವ ಹಾಗೆಯೇ. ಎರಡನೇ ಎಡ್ವರ್ಡ್ ಪಟ್ಟಕ್ಕೆ ಬಂದದ್ದು 1307ರ ಜುಲೈ 8. ಹಾಗಾಗಿ ಅವನ 8ನೇ ವರ್ಷವೆಂದರೆ 1314ರ ಜುಲೈ 8ರಿಂದ 1315ರ ಜುಲೈ 7. ಇದನ್ನು ಸುಮ್ಮನೆ '1315' ಎಂದು ಬರೆದುಕೊಂಡರೆ ಮಗ ಅಪ್ಪನಿಗಿಂತ ಮೊದಲು ಸತ್ತಂತಾಗುತ್ತದೆ. ಹೊಸ ವರ್ಷ ಆಗ ಮಾರ್ಚ್ 25ಕ್ಕೆ ಶುರುವಾಗುತ್ತಿದ್ದುದನ್ನೂ ಮರೆಯಬೇಡಿ.

ವಯಸ್ಸಿನ ಕಾಲಮ್ಮಂತೂ ಅನುಮಾನದಿಂದಲೇ ಓದುವಂಥದ್ದು. '24 ವರ್ಷ ಮತ್ತು ಮೇಲ್ಪಟ್ಟು' ಎಂದರೆ 21 ದಾಟಿದೆ, ಇನ್ನು ರಾಜನ ಪೋಷಣೆಯಲ್ಲಿ ಇಡಬೇಕಿಲ್ಲ ಎಂದಷ್ಟೇ ಅರ್ಥ. ಹಲವು ಕೌಂಟಿಗಳಲ್ಲಿ ಜಮೀನಿದ್ದವನ ವಾರಸುದಾರನಿಗೆ ಕೌಂಟಿಗೊಂದು ವಯಸ್ಸು ಬರೆದಿರುವುದುಂಟು. ವಾರಸುದಾರ ಅಪ್ರಾಪ್ತನಾಗಿದ್ದರೆ ಅವನು ಪ್ರಾಪ್ತನಾದಾಗ ವಯಸ್ಸು ಸಾಬೀತು ಮಾಡುವ ಮತ್ತೊಂದು ವಿಚಾರಣೆ ನಡೆಯುತ್ತಿತ್ತು. ಅದರಲ್ಲಿ ಹುಟ್ಟಿದ ದಿನ ಸಿಗಬಹುದು. ಆದರೆ 'ಆ ದಿನವೇ ನನ್ನ ಮಗನಿಗೂ ದೀಕ್ಷಾಸ್ನಾನವಾಯಿತು' ಎಂಬ ಬಗೆಯ ಸಾಕ್ಷಿಗಳು ಅಚ್ಚು ಹೊಡೆದಂತೆ ಮರುಕಳಿಸುತ್ತವೆ, ಹುಷಾರು.

ಒಂದು ಉದಾಹರಣೆ. ಗ್ಲಾಸ್ಟರಿನ ಅರ್ಲ್ ಗಿಲ್ಬರ್ಟ್ ಡೆ ಕ್ಲೇರ್ 1314ರ ಜೂನ್ 24ರಂದು ಬ್ಯಾನಕ್‌ಬರ್ನ್ ಯುದ್ಧದಲ್ಲಿ ಮಡಿದ. ಮಕ್ಕಳಿರಲಿಲ್ಲ. ಗಂಡುಮಕ್ಕಳಿದ್ದರೆ ಹಿರಿಯನಿಗೆ ಪೂರ್ತಿ, ಹೆಣ್ಣುಮಕ್ಕಳೇ ಇದ್ದರೆ ಸಮಪಾಲು ಎಂಬುದು ಅಲ್ಲಿಯ ಕಾನೂನು. ಹಾಗಾಗಿ ಆಸ್ತಿ ಎಲಿನರ್, ಮಾರ್ಗರೆಟ್, ಎಲಿಜಬೆತ್ ಎಂಬ ಮೂವರು ಸಹೋದರಿಯರಿಗೆ ಸಲ್ಲಬೇಕಿತ್ತು. ವಿಧವೆ ತಾನು ಗರ್ಭಿಣಿ ಎಂದದ್ದರಿಂದ ಪಾಲು ಎಳೆದಾಡಿ 1317ಕ್ಕೆ ಮುಗಿಯಿತು. ಮಹಜರು ಸಾರಾಂಶಮಾಲೆಯ 5ನೇ ಸಂಪುಟದಲ್ಲಿದೆ. ಅದನ್ನು ಮಾತ್ರ ಓದಿ ನಿಲ್ಲಿಸಿದರೆ ಈ ಮೂರು ವರ್ಷದ ಜಗಳ ಕಾಣುವುದಿಲ್ಲ. ಅದಕ್ಕೆ ಅದೇ ವರ್ಷಗಳ ಕ್ಲೋಸ್ ರೋಲ್, ಪೇಟೆಂಟ್ ರೋಲ್‌ಗಳ (ರಾಜನ ಪತ್ರಗಳ ನಕಲು ಸುರುಳಿಗಳ) ಸಾರಾಂಶ ನೋಡಬೇಕು.

ಕೊರತೆಗಳು ಸಣ್ಣವಲ್ಲ. ಮಹಜರು ವಾರಸುದಾರನನ್ನು ಹೇಳುತ್ತದೆ, ಕುಟುಂಬವನ್ನು ಹೇಳುವುದಿಲ್ಲ. ತಮ್ಮಂದಿರು, ಅಣ್ಣನಿರುವ ಹೆಣ್ಣುಮಕ್ಕಳು ಸಾಮಾನ್ಯವಾಗಿ ಕಾಣೆ. ಬೇರೊಬ್ಬ ಒಡೆಯನ ಕೈಕೆಳಗೆ ಮಾತ್ರ ಜಮೀನಿದ್ದವರಿಗೆ ಸಾಮಾನ್ಯವಾಗಿ ಮಹಜರೇ ಇಲ್ಲ. 14ನೇ ಶತಮಾನದ ಕೊನೆಯ ಹೊತ್ತಿಗೆ ಜಮೀನನ್ನು ನಂಬಿಕಸ್ಥರ ಹೆಸರಿಗೆ ಮಾಡಿಡುವ ಉಪಾಯ ಹಬ್ಬಿದ್ದರಿಂದ ದೊಡ್ಡ ಆಸ್ತಿವಂತನೂ 'ಏನೂ ಇಲ್ಲದೆ ಸತ್ತ' ಎಂದು ದಾಖಲಾಗಿರಬಹುದು. ಬೇನಾಮಿ ಬಲ್ಲ ನಮಗೆ ವಿವರಿಸಬೇಕಿಲ್ಲ. ಹಳೆಯ ಸಂಪುಟಗಳ ಸಾರಾಂಶಕಾರರು ಜೂರಿಗಳ (ಪ್ರಮಾಣ ಮಾಡಿದ ಊರವರ) ಹೆಸರು, ಜಮೀನಿನ ಮೌಲ್ಯಮಾಪನದ ವಿವರಗಳನ್ನೂ ಬಿಟ್ಟುಬಿಟ್ಟಿದ್ದಾರೆ.

ಹೆಂಡತಿಯ ಹೆಸರು ಬೇಕಿದ್ದರೆ ಫೀಟ್ ಆಫ್ ಫೈನ್ಸ್ ನೋಡಿ. ಜಮೀನಿನ ಒಪ್ಪಂದವನ್ನು ಒಂದೇ ಚರ್ಮಪತ್ರದ ಮೇಲೆ ಮೂರು ಸಲ ಬರೆದು, ಅಲೆಅಲೆಯಾಗಿ ಕತ್ತರಿಸಿ, ಕೆಳಗಿನ ತುಂಡನ್ನು ರಾಜನ ಖಜಾನೆಯಲ್ಲಿಡುತ್ತಿದ್ದರು. 1195ರಲ್ಲಿ ಈ ಕ್ರಮ ಶುರುವಾಯಿತು. ಗಂಡ ಹೆಂಡತಿ ಕೂಡಿ ಮಾರಿದ್ದರೆ ಆ ಜಮೀನು ಆಕೆಯ ತವರಿನದಾಗಿರುವ ಸಾಧ್ಯತೆ ಹೆಚ್ಚು. ಮೂಲದ ಚಿತ್ರಗಳು ಹ್ಯೂಸ್ಟನ್ ವಿಶ್ವವಿದ್ಯಾಲಯದ ಆಂಗ್ಲೋ-ಅಮೆರಿಕನ್ ಲೀಗಲ್ ಟ್ರಡಿಷನ್ ತಾಣದಲ್ಲಿ ಪುಕ್ಕಟೆಯಾಗಿವೆ. ಸಂಕ್ಷಿಪ್ತ ಲ್ಯಾಟಿನ್ ಓದಲು ಬರದಿದ್ದರೆ ಅಲ್ಲಿ ಪ್ರಯೋಜನವಿಲ್ಲ. ಫೋನಿನ ಪರದೆಯಲ್ಲಂತೂ ಬೇಡವೇ ಬೇಡ.

ಬ್ರಿಟಿಷ್ ಹಿಸ್ಟರಿ ಆನ್‌ಲೈನಿಗೆ ಐದಕ್ಕೆ ನಾಲ್ಕು ಕೊಡಬಹುದು. ಒಂದು ಕಳೆದದ್ದು ಹುಡುಕಾಟಕ್ಕೆ: ಕಾಗುಣಿತ ಬದಲಾದರೆ ಅದು ಕೈಕೊಡುತ್ತದೆ. ಆಗ ಅದೇ ಸಂಪುಟದ ಸ್ಕ್ಯಾನ್ ಪ್ರತಿಯನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ತೆರೆದು ಕೊನೆಯ ಪುಟಗಳ ಸೂಚಿಗೆ ಹೋಗಿ. ಹೆಸರಿನ ನಾನಾ ರೂಪಗಳನ್ನು ಒಂದೇ ಕಡೆ ಸೇರಿಸಿರುತ್ತಾರೆ. ಅಲ್ಲಿಂದ ಪುಟಸಂಖ್ಯೆ ಹಿಡಿದು ಮತ್ತೆ ಈ ತಾಣಕ್ಕೆ ಬನ್ನಿ.