ಎಸ್‌ವಿಜಿ, ಪಿಡಿಎಫ್, ಇಪಿಎಸ್, ಡಿಎಕ್ಸ್‌ಎಫ್: ಒಂದೇ ಕನ್ನಡ ಡಿಸೈನನ್ನ ನಾಲ್ಕು ದಾರಿಲಿ ಕಳಿಸಿ ನೋಡಿದೆ

ನಮ್ಮೂರ ಲೈಬ್ರರಿಗೆ 50 ವರ್ಷ ಆಯ್ತು ಅಂತ ಇನ್ವಿಟೇಶನ್ ಕಾರ್ಡು, ಬಾಗಿಲ ಗಾಜಿಗೆ ರೇಡಿಯಂ ಸ್ಟಿಕ್ಕರ್, ಗೋಡೆಗೆ ಅಕ್ರಿಲಿಕ್ ಬೋರ್ಡು, ಮೂರೂ ಕೆಲಸ ನನ್ನ ಪಾಲಿಗೆ ಬಂತು. ಡಿಸೈನ್ ಮಾಡೋಕೆ ನಾನು ಇಂಕ್‌ಸ್ಕೇಪ್ ಅನ್ನೋ ಸಾಫ್ಟ್‌ವೇರ್ ಬಳಸೋದು, ಪ್ರೆಸ್ಸಲ್ಲಿ ಕೋರಲ್‌ಡ್ರಾ, ಬಳ್ಳಿ ಚಿತ್ರ ಬರೆದುಕೊಟ್ಟ ಗೆಳತಿ ಹತ್ರ ಇಲ್ಲಸ್ಟ್ರೇಟರ್, ಬೋರ್ಡ್ ಕಟ್ ಮಾಡೋರ ಹತ್ರ ಲೇಸರ್ ಮಷೀನ್ ಜೊತೆ ಬಂದಿರೋ ಸಾಫ್ಟ್‌ವೇರು. ಒಂದೇ ಫೈಲ್ ಈ ನಾಲ್ಕೂ ಕಡೆ ಓಡಾಡಬೇಕು. ಎಸ್‌ವಿಜಿ, ಪಿಡಿಎಫ್, ಇಪಿಎಸ್, ಡಿಎಕ್ಸ್‌ಎಫ್ ಅನ್ನೋ ನಾಲ್ಕು ಫೈಲ್ ಫಾರ್ಮ್ಯಾಟಲ್ಲಿ ಯಾವುದು ಹಾಗೇ ತಲುಪತ್ತೆ ಅಂತ ನೋಡೋಕೆ, ನಿಜವಾದ ಕೆಲಸ ಶುರು ಮಾಡೋ ಮುಂಚೆ ಒಂದು ಟೆಸ್ಟ್ ಶೀಟ್ ಮಾಡ್ಕೊಂಡೆ: ಸರಿಯಾಗಿ 100 ಮಿಮೀ ಅಗಲದ ಒಂದು ವೃತ್ತ, ಒಂದು ಗ್ರೇಡಿಯಂಟು (ಒಂದು ಬಣ್ಣದಿಂದ ಇನ್ನೊಂದಕ್ಕೆ ನಿಧಾನವಾಗಿ ಬದಲಾಗೋದು), ಅರ್ಧ ಪಾರದರ್ಶಕ ಎಲೆ, ಬ್ಲರ್ ಮಾಡಿದ ನೆರಳು, ಆಮೇಲೆ ಸೂರ್ಯ, ಸ್ವಾತಂತ್ರ್ಯ, ಜ್ಯೋತ್ಸ್ನಾ ಅನ್ನೋ ಮೂರು ಪದ. ಒತ್ತಕ್ಷರ ಅರ್ಕಾವತ್ತು ಎಲ್ಲಾ ಇವುಗಳಲ್ಲೇ ಬಂದುಬಿಡತ್ತೆ.

ಮೊದಲು ಎಸ್‌ವಿಜಿ. ಇದು ವೆಬ್‌ಗೆ ಸ್ಟಾಂಡರ್ಡ್ ಮಾಡೋ ಸಂಸ್ಥೆ ಡಬ್ಲ್ಯೂ3ಸಿ 2001ರಲ್ಲಿ ಹೊರತಂದ ಸ್ಟಾಂಡರ್ಡು, ಒಳಗಡೆ ಬರೀ ಟೆಕ್ಸ್ಟು, ನೋಟ್‌ಪ್ಯಾಡಲ್ಲಿ ತೆಗೆದ್ರೂ ಓದಬಹುದು. ಇಂಕ್‌ಸ್ಕೇಪಿಗೆ ಇದೇ ಸ್ವಂತ ಫಾರ್ಮ್ಯಾಟು, ಹಾಗಾಗಿ ಗೆರೆ, ಗ್ರೇಡಿಯಂಟು, ಪಾರದರ್ಶಕ ಎಲೆ ಇಂಕ್‌ಸ್ಕೇಪ್, ಇಲ್ಲಸ್ಟ್ರೇಟರ್, ಕೋರಲ್‌ಡ್ರಾ ಮೂರೂ ಕಡೆ ಚೆನ್ನಾಗೇ ಬಂತು. ಆದ್ರೆ ಬ್ಲರ್ ಅನ್ನೋದು ಎಸ್‌ವಿಜಿಲಿ ಫಿಲ್ಟರ್ ಆಗಿ ಬರೆದಿರತ್ತೆ, ಎಲ್ಲಾ ಪ್ರೋಗ್ರಾಮೂ ಅದನ್ನ ಓದಲ್ಲ, ಓದದೇ ಇರೋ ಕಡೆ ಮೆತ್ತಗಿನ ನೆರಳು ಹೋಗಿ ಗಟ್ಟಿ ಕಪ್ಪು ಆಕಾರ ಕೂತಿರತ್ತೆ. ಅಳತೆದು ಇದಕ್ಕಿಂತ ದೊಡ್ಡ ವಿಷಯ. ಗೆಳತಿ ಇಲ್ಲಸ್ಟ್ರೇಟರಿಂದ ಕಳಿಸಿದ ಎಸ್‌ವಿಜಿ ನನ್ನ ಹತ್ರ ತೆಗೆದಾಗ 100 ಮಿಮೀ ವೃತ್ತ 75 ಮಿಮೀ ಆಗಿತ್ತು. ಕಾರಣ ಸರಳ, ಅಲ್ಲಿ ಒಂದು ಇಂಚಿಗೆ 72 ಪಿಕ್ಸೆಲ್ ಲೆಕ್ಕ, ಇಲ್ಲಿ 96, 72ನ್ನ 96ರಿಂದ ಭಾಗಿಸಿದ್ರೆ ಮುಕ್ಕಾಲು. ಇಂಕ್‌ಸ್ಕೇಪ್ 0.92ಕ್ಕಿಂತ ಹಳೇ ವರ್ಷನ್‌ಗಳಲ್ಲಿ ಇಂಚಿಗೆ 90 ಇತ್ತು, ನಿಮ್ಮ ಹಳೇ ಫೈಲ್ ಸ್ವಲ್ಪ ಕುಗ್ಗಿದ ಹಾಗೆ ಕಂಡ್ರೆ ಮೊದಲು ಇದನ್ನ ನೋಡಿ. ಮೂಲೇಲಿ ಗೊತ್ತಿರೋ ಅಳತೆದು ಒಂದು ವೃತ್ತ ಇಟ್ಟಿದ್ರೆ ಒಂದೇ ಸಲಕ್ಕೆ ಗೊತ್ತಾಗತ್ತೆ, ಈಗ ನಾನು ಪ್ರತಿ ಫೈಲಲ್ಲೂ ಪುಟದ ಹೊರಗಡೆ ಇಡ್ತೀನಿ.

ಅಕ್ಷರದ ವಿಷಯಕ್ಕೆ ಬಂದ್ರೆ ಎಸ್‌ವಿಜಿ ಯೂನಿಕೋಡ್ ಪಠ್ಯವನ್ನ ಹಾಗೇ ಇಟ್ಕೊಳತ್ತೆ, ಇದು ನನಗೆ ಬಹಳ ಇಷ್ಟವಾದ ಗುಣ. ಆದ್ರೆ ಆ ಕಡೆಯವರ ಹತ್ರ ಅದೇ ಫಾಂಟ್ ಇರಬೇಕು, ಪ್ರೋಗ್ರಾಮಿಗೂ ಒತ್ತಕ್ಷರ ಜೋಡಿಸೋಕೆ ಬರಬೇಕು. ಇಲ್ಲಸ್ಟ್ರೇಟರಲ್ಲಿ ಭಾರತೀಯ ಭಾಷೆಯ ಕಂಪೋಸರ್ (ಅಕ್ಷರ ಜೋಡಿಸೋ ಸೆಟ್ಟಿಂಗ್) ಆಯ್ಕೆ ಮಾಡದೇ ಇದ್ರೆ ಸ್ವಾತಂತ್ರ್ಯ ಅನ್ನೋದು ಬಿಡಿ ಬಿಡಿ ಅಕ್ಷರವಾಗಿ ಪಕ್ಕಪಕ್ಕ ನಿಂತ್ಕೊಳತ್ತೆ. ಗೆಳತಿ ಸೆಟ್ಟಿಂಗ್ ಬದಲಾಯಿಸಿದ ಮೇಲೆ ಸರಿಹೋಯ್ತು.

ಪಿಡಿಎಫ್ ಕಳಿಸಿದಾಗ ಕಣ್ಣಿಗೆ ಕಾಣೋದೆಲ್ಲಾ ಮೂರೂ ಕಡೆ ಒಂದೇ ಥರ ಇತ್ತು, ಅಳತೆ ಸಮೇತ. ಪಾರದರ್ಶಕತೆ ಪಿಡಿಎಫ್ 1.4ರಿಂದಲೇ ಇದೆ. ನೆರಳು ಮಾತ್ರ ಎಕ್ಸ್‌ಪೋರ್ಟ್ ಆಗೋವಾಗ ಫೋಟೋ ಥರ ಪಿಕ್ಸೆಲ್ ಆಗತ್ತೆ, ಅಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕೆ) ಕೊಟ್ರೆ ಪ್ರಿಂಟಲ್ಲಿ ಏನೂ ಗೊತ್ತಾಗಲ್ಲ. ತೊಂದರೆ ಶುರುವಾಗೋದು ಅದನ್ನ ಮತ್ತೆ ಬಿಚ್ಚಿ ತಿದ್ದೋಕೆ ಹೋದಾಗ. ಪಿಡಿಎಫ್ ಒಳಗೆ ಇರೋದು ಜೋಡಿಸಿ ಮುಗಿಸಿದ ಅಕ್ಷರದ ರೂಪಗಳು, ಕಣ್ಣಿಗೆ ಕಾಣೋ ಕ್ರಮದಲ್ಲಿ. ಸೂರ್ಯ ಅಂತ ಟೈಪ್ ಮಾಡೋವಾಗ ರ ಮೊದಲು, ಯ ಆಮೇಲೆ, ಕಾಣೋದು ಮಾತ್ರ ಯ ಮೊದಲು, ಅರ್ಕಾವತ್ತು ಆಮೇಲೆ. ಹಾಗಾಗಿ ಇಂಪೋರ್ಟ್ ಮಾಡಿ ಪಠ್ಯವಾಗೇ ತೆಗೆದ್ರೆ ಕ್ರಮ ತಪ್ಪಿ ಪದ ಕಲಸಿಹೋಯ್ತು. ಪಿಡಿಎಫಿಂದ ಕನ್ನಡ ಕಾಪಿ ಮಾಡಿ ಗೋಳಾಡಿರೋರಿಗೆ ಇದು ಗೊತ್ತಿರೋ ವಿಷಯವೇ, ಅದೇ ಕಾರಣ ಇಲ್ಲೂ. ಇಲ್ಲಸ್ಟ್ರೇಟರಿನ ಸ್ವಂತ ಎಐ ಫೈಲ್ ಇಂಕ್‌ಸ್ಕೇಪಲ್ಲಿ ತೆಗೆದ್ರೂ ಇದೇ ಆಗೋದು, ಯಾಕಂದ್ರೆ ಇಂಕ್‌ಸ್ಕೇಪ್ ಓದೋದು ಅದರ ಒಳಗಿನ ಪಿಡಿಎಫ್ ಭಾಗವನ್ನ, ಸೇವ್ ಮಾಡುವಾಗ ಆ ಭಾಗ ಬೇಡ ಅಂತ ಟಿಕ್ ತೆಗೆದಿದ್ರೆ ಅದೂ ಇಲ್ಲ.

ಅದಕ್ಕೇ ನಾನು ಹೇಳೋದು, ಕನ್ನಡ ಪಠ್ಯ ಇರೋ ಡಿಸೈನಿಗೆ ಯಾವ ಫಾರ್ಮ್ಯಾಟ್ ಒಳ್ಳೇದು ಅಂತ ಕೇಳೋದಕ್ಕಿಂತ ಎರಡು ಫೈಲ್ ಇಟ್ಕೊಳೋದು ಮುಖ್ಯ. ಪಠ್ಯ ಜೀವಂತವಾಗಿರೋ ಎಸ್‌ವಿಜಿ ನನ್ನ ಹತ್ರ, ಕರ್ವ್ಸ್ ಮಾಡಿದ, ಅಂದ್ರೆ ಅಕ್ಷರಗಳನ್ನ ಬರೀ ಆಕಾರವಾಗಿ ಬದಲಾಯಿಸಿದ ಕಾಪಿ ಹೊರಗಡೆಗೆ. ನುಡಿಯ ಹಳೇ ಯೂನಿಕೋಡ್ ಅಲ್ಲದ ಫಾಂಟಲ್ಲಿ ಟೈಪ್ ಮಾಡಿರೋದಾದ್ರೆ ಇನ್ನೂ ಹುಷಾರಾಗಿರಬೇಕು, ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಚಿಹ್ನೆ ಬರತ್ತೆ, ಪ್ರೂಫ್ ನೋಡೋರಿಗೂ ಏನೂ ತಿಳಿಯಲ್ಲ.

ಕಾರ್ಡಿಗೆ ಪಿಡಿಎಫೇ ಕೊಟ್ಟೆ. ಅಲ್ಲಿ ಒಂದು ಮಾತು, ಇಂಕ್‌ಸ್ಕೇಪಲ್ಲಿ ನಾವು ಕೆಲಸ ಮಾಡೋದು ಆರ್‌ಜಿಬಿಲಿ (ಪರದೆಯ ಕೆಂಪು, ಹಸಿರು, ನೀಲಿ ಲೆಕ್ಕ), ಅಲ್ಲಿನ ಕಪ್ಪು ಆಫ್‌ಸೆಟ್ಟಿಗೆ ಹೋಗುವಾಗ ನಾಲ್ಕು ಬಣ್ಣದ ನಾಲ್ಕೂ ಪ್ಲೇಟಿಗೆ ಹಂಚಿಹೋಗಬಹುದು, ಪ್ಲೇಟ್ ಕೂದಲೆಳೆ ಜರುಗಿದ್ರೂ ಸಣ್ಣ ಅಕ್ಷರದ ಒತ್ತುಗಳ ಸುತ್ತ ಬಣ್ಣದ ಅಂಚು ಕಾಣತ್ತೆ. ಪ್ರೆಸ್ಸಿನ ಅಣ್ಣ ಕೋರಲ್‌ಡ್ರಾಲಿ ತೆಗೆದು ಅಕ್ಷರಗಳನ್ನೆಲ್ಲಾ ಬರೀ ಕಪ್ಪು ಪ್ಲೇಟಿಗೆ ಹಾಕಿಕೊಟ್ರು.

ಇಪಿಎಸ್ ಬಗ್ಗೆ ಜಾಸ್ತಿ ಹೇಳೋಕೆ ಇಲ್ಲ. ಅದರ ಒಳಗಿರೋ ಪೋಸ್ಟ್‌ಸ್ಕ್ರಿಪ್ಟ್ ಭಾಷೆಗೆ ಪಾರದರ್ಶಕತೆ ಅನ್ನೋದೇ ಗೊತ್ತಿಲ್ಲ, ಎಲೆ ಪಿಕ್ಸೆಲ್ ಚಿತ್ರವಾಗಿ ಬದಲಾಯ್ತು, ಇಂಕ್‌ಸ್ಕೇಪಲ್ಲಿ ತೆಗೆಯೋಕೆ ಗೋಸ್ಟ್‌ಸ್ಕ್ರಿಪ್ಟ್ ಅನ್ನೋ ಇನ್ನೊಂದು ಪ್ರೋಗ್ರಾಮ್ ಬೇರೆ ಬೇಕು. ಸ್ಟಿಕ್ಕರ್ ಕಟಿಂಗ್ ಅಂಗಡಿಯವರು ಇಪಿಎಸ್ಸೇ ಬೇಕು ಅಂದ್ರು, ಬರೀ ಒಂದೇ ಬಣ್ಣದ ಆಕಾರ ಆದ್ದರಿಂದ ಅಲ್ಲಿ ಚೆನ್ನಾಗೇ ನಡೀತು.

ಡಿಎಕ್ಸ್‌ಎಫ್ ಮೂಲದಲ್ಲಿ ಎಂಜಿನಿಯರಿಂಗ್ ನಕ್ಷೆ ಬರೆಯೋ ಆಟೋಕ್ಯಾಡಿಂದು, 1982ರಿಂದ ಇದೆ. ಇಂಕ್‌ಸ್ಕೇಪಿಂದ ಇದರಲ್ಲಿ ಕಳಿಸಿದ್ರೆ ಬಣ್ಣ ತುಂಬೋದು, ಗ್ರೇಡಿಯಂಟು, ನೆರಳು ಏನೂ ಹೋಗಲ್ಲ, ಬರೀ ಗೆರೆ. ಎಷ್ಟೋ ಸಾಫ್ಟ್‌ವೇರ್ ಇದರಲ್ಲಿನ ಯೂನಿಟ್ ನೋಡೋದೇ ಇಲ್ಲ, ಮಿಮೀ ಅಂತ ಕೊಟ್ಟಿದ್ದು ಇಂಚಾದ್ರೆ 25.4 ಪಟ್ಟು ದೊಡ್ಡದು. ವೃತ್ತ ಇದ್ದಿದ್ದಕ್ಕೆ ಅದು ಮೊದಲೇ ಸಿಕ್ತು. ಆದ್ರೆ ನನ್ನನ್ನ ನಿಲ್ಲಿಸಿದ್ದು ಬೇರೆ. ಕನ್ನಡ ಫಾಂಟಲ್ಲಿ ಅಕ್ಷರ, ಅದರ ಸ್ವರಚಿಹ್ನೆ, ಒತ್ತು ಬೇರೆ ಬೇರೆ ತುಂಡಾಗಿದ್ದು ಎಷ್ಟೋ ಕಡೆ ಒಂದರ ಮೇಲೊಂದು ಸ್ವಲ್ಪ ಹತ್ತಿ ಕೂತಿರತ್ತೆ, ಪ್ರಿಂಟಲ್ಲಿ ಕಪ್ಪಿನ ಮೇಲೆ ಕಪ್ಪು ಆದ್ದರಿಂದ ಕಾಣಲ್ಲ, ಲೇಸರ್ ಮಾತ್ರ ಆ ಒಳಗಿನ ಗೆರೆಯನ್ನೂ ಕೊಯ್ಯತ್ತೆ. ರಟ್ಟಿನ ಮೇಲೆ ಟ್ರಯಲ್ ಹಾಕಿದಾಗ ಸ್ವಾತಂತ್ರ್ಯದ ಒತ್ತುಗಳು ಕಿತ್ತು ಕೈಗೆ ಬಂದ್ವು. ಕರ್ವ್ಸ್ ಮಾಡಿದ ಮೇಲೆ ಇಂಕ್‌ಸ್ಕೇಪಲ್ಲಾದ್ರೆ ಯೂನಿಯನ್, ಕೋರಲ್‌ಡ್ರಾಲಾದ್ರೆ ವೆಲ್ಡ್ ಕೊಟ್ಟು ಒಂದೇ ಹೊರಗೆರೆ ಮಾಡಬೇಕು, ಆಮೇಲೆ ಔಟ್‌ಲೈನ್ ವ್ಯೂನಲ್ಲಿ ಒಂದೊಂದೇ ಅಕ್ಷರ ನೋಡಬೇಕು. ರೇಡಿಯಂ ಕಟಿಂಗಿಗೂ ಇದೇ. ಹಾಗೆ ವೆಲ್ಡ್ ಮಾಡಿದ ಫೈಲನ್ನ ಡಿಎಕ್ಸ್‌ಎಫ್, ಎಸ್‌ವಿಜಿ ಎರಡರಲ್ಲೂ ಕೊಟ್ಟೆ, ಅವರ ಸಾಫ್ಟ್‌ವೇರ್ ಎಸ್‌ವಿಜಿನೂ ತಗೊಳತ್ತೆ ಅಂತ ಆಗ ಗೊತ್ತಾಯ್ತು, ಡಿಎಕ್ಸ್‌ಎಫಲ್ಲಿ ದುಂಡು ತಿರುವುಗಳು ಸಣ್ಣ ಸಣ್ಣ ನೇರ ಗೆರೆಗಳಾಗಿ ಹೋಗಿದ್ದಕ್ಕೆ ಜ್ಯೋತ್ಸ್ನಾದ ಹೊಟ್ಟೆ ಸ್ವಲ್ಪ ಮೂಲೆಮೂಲೆಯಾಗಿ ಬಂತು, ಎಸ್‌ವಿಜಿಯಿಂದ ಕಟ್ ಆಗಿದ್ದು ನುಣ್ಣಗಿತ್ತು. ಬೋರ್ಡಿನ ಅಕ್ಷರ ಎಸ್‌ವಿಜಿಯಿಂದಲೇ ಕಟ್ ಮಾಡಿಸಿದ್ವಿ.