ಮಾದರಿ ರೈಲುಗಳ ದಾಖಲೆಗೆ ಎಕ್ಸೆಲ್ ಸಾಕೇ, ಡೇಟಾಬೇಸ್ ಬೇಕೇ?

ರೈಲು ಹಳಿಯೇ ಇಲ್ಲದ ಕೊಡಗಿನಲ್ಲಿ ಮಾದರಿ ರೈಲುಗಳನ್ನು ಕೂಡಿಡುವವರಿಗೆ ಹತ್ತಾರು ಬೋಗಿಗಳ ಪಟ್ಟಿಯಷ್ಟೇ ಬೇಕಿದ್ದರೆ ಎಕ್ಸೆಲ್ ಸಾಕು. ಆದರೆ ಸೊನ್ನೆಯಿಂದ ಆರಂಭವಾಗುವ ತಯಾರಕರ ಸಂಖ್ಯೆಯನ್ನು ಬರೆಯುವ ಮೊದಲು ಆ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ಗುರುತಿಸದಿದ್ದರೆ ಮೊದಲ ಸೊನ್ನೆ ಮಾಯವಾಗುತ್ತದೆ.

ಡೇಟಾಬೇಸ್ ತಂತ್ರಾಂಶವಾದ ಲಿಬ್ರೆಆಫೀಸ್ ಬೇಸ್ ಉಚಿತವಾದರೂ ಕಲಿಯಲು ತಾಳ್ಮೆ ಬೇಕು. ಅದರಲ್ಲಿ ಎಂಜಿನ್‌ಗಳಿಗೊಂದು, ದುರಸ್ತಿಗೊಂದು ಟೇಬಲ್ ಮಾಡಿ ಗುರುತು ಸಂಖ್ಯೆಯಿಂದ ಜೋಡಿಸಿದರೆ, 1:87 ಅಳತೆಯ ಒಂದೇ ಎಂಜಿನ್‌ನ ಚಕ್ರ ಒರೆಸಿದ್ದು, ಎಣ್ಣೆ ಹಾಕಿದ್ದು, ಮೋಟಾರಿನ ಬ್ರಷ್ ಬದಲಿಸಿದ್ದು ಎಲ್ಲವನ್ನೂ, ಅದರ ಹೆಸರು ಮತ್ತು ಅಳತೆಯನ್ನು ಪ್ರತಿ ಸಲ ಬರೆಯದೆ, ಸೇರಿಸುತ್ತ ಹೋಗಬಹುದು. ಮಡಿಕೇರಿಯ ಮಳೆಗಾಲದ ತೇವದಲ್ಲಿ ಈ ದಾಖಲೆಯೇ ಹೆಚ್ಚು ಬೆಳೆಯುತ್ತದೆ. ಎರಡು ಎಂಜಿನ್‌ಗಳಿಗೆ ಒಂದೇ ಡಿಸಿಸಿ ವಿಳಾಸ (ಡಿಜಿಟಲ್ ನಿಯಂತ್ರಣದಲ್ಲಿ ಎಂಜಿನ್ ಅನ್ನು ಗುರುತಿಸುವ ಸಂಖ್ಯೆ) ಬೀಳದಂತೆ ನಿಯಮವನ್ನೂ ಹಾಕಬಹುದು. ದುರಸ್ತಿಯ ಲೆಕ್ಕ ಇಡುವವರು ಬೇಸ್ ಅನ್ನೇ ಆರಿಸಿಕೊಳ್ಳುವುದು ಒಳಿತು, ಕರೆಂಟು ಹೋಗುವ ಮುನ್ನ ಸೇವ್ ಮಾಡುವ ಅಭ್ಯಾಸವಿದ್ದರೆ.