ರಜೆಯಲ್ಲಿ ಹಳೇ ಸುದ್ದಿ ಓದಲು ವೇಬ್ಯಾಕ್ ಮಷೀನ್

ವರ್ಷದ ಕೊನೆಯ ರಜೆ ಬಂತೆಂದರೆ ಸುದ್ದಿತಾಣಗಳ ತುಂಬ ಪಟ್ಟಿಗಳು. ವರ್ಷದ ಹತ್ತು ಘಟನೆ, ವರ್ಷದ ಹತ್ತು ಸಿನಿಮಾ. ಅದರ ಬದಲು ನಾನು ಈ ಸಲ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಯ ವೇಬ್ಯಾಕ್ ಮಷೀನ್ ಹಿಡಿದು ಕೂತೆ. ಹಳೇ ವೆಬ್ ಪುಟಗಳನ್ನು ಅವತ್ತು ಇದ್ದ ರೂಪದಲ್ಲೇ ತೋರಿಸುವ ಸೇವೆ ಇದು. ಪೂರ್ತಿ ಉಚಿತ. ಪುಟ ನೋಡಲು ಖಾತೆಯೂ ಬೇಡ.

ಬಳಸುವುದು ಸುಲಭ. ತಾಣದ ವಿಳಾಸ ಹಾಕಿದರೆ ವರ್ಷಗಳು, ಅದರ ಕೆಳಗೆ ಕ್ಯಾಲೆಂಡರ್ ಬರುತ್ತದೆ. ಪುಟ ಉಳಿಸಿಟ್ಟ ದಿನಗಳ ಮೇಲೆ ಬಣ್ಣದ ಚುಕ್ಕೆ ಇರುತ್ತದೆ. ಆ ದಿನ ಜಾಸ್ತಿ ಪ್ರತಿಗಳಿದ್ದರೆ ಚುಕ್ಕೆಯೂ ದೊಡ್ಡದು. ಸಮಯ ಮಾತ್ರ ಗ್ರೀನ್‌ವಿಚ್ ಲೆಕ್ಕದ್ದು, ಅದು ನೆನಪಿರಲಿ.

ಒಂದು ಸುದ್ದಿತಾಣ ಆರಿಸಿಕೊಂಡು ಬೇರೆ ಬೇರೆ ವರ್ಷದ ಜನವರಿ 1 ಒತ್ತಿ ನೋಡಿ. ನನ್ನ ಮಟ್ಟಿಗೆ 2020ರದ್ದನ್ನು ನೋಡಲೇಬೇಕು. ಚೀನಾದ ವುಹಾನ್‌ನಲ್ಲಿ ಕಾರಣ ತಿಳಿಯದ ನ್ಯುಮೋನಿಯಾ (ಮುಂದೆ ಕೋವಿಡ್ ಅಂತ ಗೊತ್ತಾದದ್ದು) ಹಬ್ಬಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗಮನಕ್ಕೆ ಬಂದದ್ದು ಅದರ ಹಿಂದಿನ ದಿನ, 2019ರ ಡಿಸೆಂಬರ್ 31ರಂದು. ಲೋಕ ಆಗ ಮಾತಾಡುತ್ತಿದ್ದದ್ದು ಹೊಸ ವರ್ಷದ ಪಟಾಕಿ, ಆಸ್ಟ್ರೇಲಿಯಾದ ಕಾಳ್ಗಿಚ್ಚಿನ ಬಗ್ಗೆ. ಮುಂದೇನು ಬರುತ್ತದೆ ಅಂತ ಬರೆದವರಿಗೂ ಗೊತ್ತಿಲ್ಲ, ಓದಿದವರಿಗೂ ಗೊತ್ತಿಲ್ಲ. ವರ್ಷದ ಪಟ್ಟಿಗಳನ್ನು ಎಲ್ಲ ಗೊತ್ತಾದ ಮೇಲೆ ಬರೆಯುತ್ತಾರೆ ಅಲ್ವಾ? ಅಲ್ಲಿ ಎಲ್ಲಕ್ಕೂ ಒಂದು ಕ್ರಮ, ಒಂದು ಕಾರಣ ಇರುತ್ತದೆ. ಆ ದಿನದ ಗೊಂದಲ, ಆ ದಿನದ ನಿರಾಳ ಎರಡೂ ಸಿಗುವುದು ಆ ದಿನದ ಪುಟದಲ್ಲೇ. ನನಗೆ ಈ ಸೇವೆ ಇಷ್ಟವಾದದ್ದು ಮುಖ್ಯವಾಗಿ ಇದಕ್ಕೆ.

ಒಂದೇ ಪುಟದ ಎರಡು ಪ್ರತಿ ಹೋಲಿಸಿ, ಏನು ಬದಲಾಗಿದೆ ಅಂತ ನೋಡುವ ಸೌಲಭ್ಯವೂ ಇದೆ. ಸುದ್ದಿಯ ತಲೆಬರಹ ಸದ್ದಿಲ್ಲದೆ ಬದಲಾಗುವ ಈ ಕಾಲದಲ್ಲಿ ಇದು ತುಂಬ ಬೇಕಾದದ್ದು.

ಇದೇ ಸಂಸ್ಥೆಯ ಗಿಫ್‌ಸಿಟೀಸ್ ಕೂಡ ರಜೆಗೆ ಒಳ್ಳೆಯದು. ಜಿಯೋಸಿಟೀಸ್ ಅಂತ ಒಂದು ತಾಣವಿತ್ತು. ಜನ ತಮ್ಮದೇ ಪುಟ ಕಟ್ಟಿಕೊಳ್ಳುತ್ತಿದ್ದರು. ಯಾಹೂ ಅದನ್ನು 2009ರಲ್ಲಿ ಮುಚ್ಚಿತು. ಆ ಪುಟಗಳಲ್ಲಿದ್ದ ಕುಣಿಯುವ, ಮಿನುಗುವ ಚಿತ್ರಗಳನ್ನು ಇಲ್ಲಿ ಹುಡುಕಬಹುದು. ಹಬ್ಬದ ಹೆಸರು ಹಾಕಿ ನೋಡಿ. ಯಾರೋ ಪ್ರೀತಿಯಿಂದ ಅಂಟಿಸಿದ ಮೇಣದಬತ್ತಿ, ಬಾಣಬಿರುಸು ಸಿಗುತ್ತವೆ. ಚಿತ್ರ ಒತ್ತಿದರೆ ಅದು ಇದ್ದ ಹಳೇ ಪುಟಕ್ಕೇ ಹೋಗಬಹುದು.

ವೇಬ್ಯಾಕ್ ಮಷೀನ್‌ಗೆ ಕೊರತೆಗಳೂ ಇವೆ. ಎಷ್ಟೋ ಪುಟಗಳಲ್ಲಿ ಚಿತ್ರ, ವಿಡಿಯೋ ಉಳಿದಿರುವುದಿಲ್ಲ. ಲಾಗಿನ್ ಬೇಕಾದ ಪುಟಗಳು ಸಿಗುವುದಿಲ್ಲ. ಮಾಲೀಕರು ಬೇಡವೆಂದ ತಾಣಗಳೂ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಇದರ ಮೇಲೆ ಸೈಬರ್ ದಾಳಿ ನಡೆದು ಸುಮಾರು 3.1 ಕೋಟಿ ಬಳಕೆದಾರರ ಮಾಹಿತಿ ಸೋರಿತ್ತು, ಸೇವೆಯೂ ಕೆಲವು ದಿನ ನಿಂತಿತ್ತು. ಖಾತೆ ಮಾಡುವವರು ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ.

ಆದರೂ ಇದಕ್ಕೆ ಬದಲಿ ಇಲ್ಲ. 2013ರಲ್ಲಿದ್ದ ವೆಬ್ ಪುಟಗಳಲ್ಲಿ 38% ಹತ್ತು ವರ್ಷದಲ್ಲಿ ಸಿಗದ ಹಾಗಾದವು ಅಂತ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಹೇಳಿತ್ತು. 1996ರಿಂದ ಪುಟಗಳನ್ನು ಕಾಯುತ್ತಿರುವ ಈ ಸಂಸ್ಥೆ ಲಾಭಕ್ಕೆ ನಡೆಯುವುದಲ್ಲ, ದೇಣಿಗೆಯೇ ಇದರ ದೊಡ್ಡ ಆಸರೆ. ಕೈಲಾದವರು ಕೊಡಿ. ಆಗದಿದ್ದರೆ, ಈ ರಜೆಯಲ್ಲಿ ನಿಮಗೆ ಇಷ್ಟವಾದ ಪುಟದ ವಿಳಾಸವನ್ನು ಅಲ್ಲಿನ 'ಸೇವ್ ಪೇಜ್ ನೌ' ಜಾಗದಲ್ಲಿ ಹಾಕಿ ಉಳಿಸಿ.